ಇನ್‌ಸ್ಟಂಟ್ ನೂಡಲ್ಸ್: ರುಚಿ ನೋಡುವ ಕ್ರಮ, ವಿಮರ್ಶೆ ಬರೆಯುವ ಕ್ರಮ

ಒಂದೇ ನೂಡಲ್ಸ್ ತಿಂದು ಒಬ್ಬರು ‘ಮುದ್ದೆ’ ಅಂತಾರೆ, ಇನ್ನೊಬ್ಬರು ‘ಹದವಾಗಿದೆ’ ಅಂತಾರೆ. ಹೆಚ್ಚಿನ ಸಲ ಇಬ್ಬರ ನಾಲಿಗೆಯೂ ಸರಿಯಾಗಿಯೇ ಇರುತ್ತದೆ, ಬೇರೆಯಾಗಿರುವುದು ನೀರಿನ ಅಳತೆ. 70 ಗ್ರಾಂ ಪೊಟ್ಟಣಕ್ಕೆ 210 ಮಿ.ಲೀ. ಬದಲು ಕಣ್ಣಂದಾಜಿನಲ್ಲಿ 280 ಮಿ.ಲೀ. ಸುರಿದರೆ ಮಸಾಲೆ ಸುಮಾರು ಕಾಲು ಭಾಗ ತೆಳುವಾಗುತ್ತದೆ. ಆಮೇಲೆ ‘ಸಪ್ಪೆ’ ಎಂದು ಬರೆದರೆ ಅದು ನಿಮ್ಮ ಲೋಟದ ವಿಮರ್ಶೆಯಾಗುತ್ತದೆಯೇ ಹೊರತು ನೂಡಲ್ಸ್‌ನದ್ದಲ್ಲ. ಹಾಗಾಗಿ ನೀರು, ಸಮಯ, ತೂಕ ಮೂರನ್ನೂ ಅಳೆಯಲೇಬೇಕು. ಜೊತೆಗೆ, ಮೊದಲ ಸಲ ಈರುಳ್ಳಿ, ಬಟಾಣಿ, ಮೊಟ್ಟೆ, ಚೀಸ್ ಏನನ್ನೂ ಹಾಕಬೇಡಿ.

ಬೇಕಾಗುವ ಸಾಮಾನು ಕಡಿಮೆ: ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ, ಮಿ.ಲೀ. ಗುರುತಿರುವ ಅಳತೆ ಲೋಟ, ಮೊಬೈಲಿನ ಟೈಮರ್, ಯಾವಾಗಲೂ ಅದೇ ಒಂದು ಪಾತ್ರೆ. ಪಾತ್ರೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಅಗಲ ಬಾಣಲೆಯಲ್ಲಿ ನೀರು ಬೇಗ ಆವಿಯಾಗಿ ಮಸಾಲೆ ಗಟ್ಟಿಯಾಗುತ್ತದೆ, ಕಿರಿದಾದ ಪಾತ್ರೆಯಲ್ಲಿ ನೂಡಲ್ಸ್‌ನ ಒಣ ಬಿಲ್ಲೆಯ, ಅಂದರೆ ಕೇಕ್‌ನ ಮೇಲ್ಭಾಗ ನೀರಿನಿಂದ ಹೊರಗೇ ಉಳಿಯುತ್ತದೆ. ತಳ 16ರಿಂದ 18 ಸೆಂ.ಮೀ. ಇರುವ ಪಾತ್ರೆ ಒಂದು ಪೊಟ್ಟಣಕ್ಕೆ ಸರಿ.

ಮೊದಲು ಜಾತಿ ಬೇರ್ಪಡಿಸಿ

ಮ್ಯಾಗಿ ಮಸಾಲಾವನ್ನು ಕೊರಿಯಾದ ಶಿನ್ ರಾಮ್ಯನ್ ಜೊತೆ ತೂಗಿದರೆ ಎರಡಕ್ಕೂ ಅನ್ಯಾಯ. ಮೊದಲನೆಯದಕ್ಕೆ ಗ್ರಾಂಗೆ ಸುಮಾರು 3 ಮಿ.ಲೀ. ನೀರು, ನೀರೆಲ್ಲ ಬಹುತೇಕ ಹೀರಿಕೊಂಡು ಮಸಾಲೆ ಎಳೆಗೆ ಅಂಟಬೇಕು. ಎರಡನೆಯದು 120 ಗ್ರಾಂ ಪೊಟ್ಟಣ, 550 ಮಿ.ಲೀ. ನೀರು, ನಾಲ್ಕೂವರೆ ನಿಮಿಷದ ಕುದಿ. ಅದು ಸಾರಿನ ಊಟ. ಇಂಡೊನೇಷ್ಯಾದ ಇಂಡೊಮಿ ಮಿ ಗೋರೆಂಗ್ ಇನ್ನೊಂದು ಬಗೆ: ಬೇಯಿಸಿ, ನೀರು ಬಸಿದು, ಎಣ್ಣೆ, ಸಿಹಿ ಸೋಯಾ ಸಾಸ್, ಖಾರ, ಪುಡಿ ಬೆರೆಸಿ ಮೇಲೆ ಹುರಿದ ಈರುಳ್ಳಿ ಉದುರಿಸುವುದು. ನೇಪಾಳದ ಕಂಪನಿಯ ವಾಯ್ ವಾಯ್‌ನ ಎಳೆಗೇ ಮೊದಲೇ ಮಸಾಲೆ ಹಿಡಿಸಿರುತ್ತಾರೆ. ಹಸಿಯಾಗಿಯೇ ಪುಡಿಮಾಡಿ ತಿನ್ನಬಹುದು. ಬಿಸಿನೀರು ಸುರಿದು ಮುಚ್ಚಿಡುವ ಕಪ್ ನೂಡಲ್ಸ್ ಮತ್ತೊಂದು. ಎಣ್ಣೆಯಲ್ಲಿ ಕರಿಯದೆ ಬಿಸಿಗಾಳಿಯಲ್ಲಿ ಒಣಗಿಸಿದ ಸಿರಿಧಾನ್ಯದ ನೂಡಲ್ಸ್‌ಗಳದ್ದು ಬೇರೆಯದೇ ಗುಂಪು. ಹೋಲಿಕೆ ಏನಿದ್ದರೂ ಗುಂಪಿನೊಳಗೇ ಇರಲಿ: ಮ್ಯಾಗಿಗೆ ಯಿಪ್ಪೀ, ಟಾಪ್ ರಾಮೆನ್ ಎದುರಾಳಿ, ಶಿನ್‌ಗೆ ಇನ್ನೊಂದು ಸಾರಿನ ನೂಡಲ್ಸ್.

ಕರಿದದ್ದಕ್ಕೂ ಒಣಗಿಸಿದ್ದಕ್ಕೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ವಿಮರ್ಶೆ ಮುಗಿದಂತೆ. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಚಿಕಿನ್ ರಾಮೆನ್ ಮಾಡಿದಾಗ ಹಿಡಿದ ದಾರಿಯೇ ಇಂದಿಗೂ ನಡೆದಿದೆ: ಎಳೆಯನ್ನು ಆವಿಯಲ್ಲಿ ಬೇಯಿಸಿ, ಸುಮಾರು 150 ಡಿಗ್ರಿ ಎಣ್ಣೆಯಲ್ಲಿ ಒಂದೆರಡು ನಿಮಿಷ ಕರಿಯುವುದು. ಎಳೆಯೊಳಗಿನ ನೀರು ಆವಿಯಾಗಿ ಹೊರನುಗ್ಗುವಾಗ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಮನೆಯಲ್ಲಿ ಬಿಸಿನೀರು ಆ ರಂಧ್ರಗಳ ಮೂಲಕವೇ ಒಳಗೆ ಹೋಗುವುದರಿಂದ ಎರಡು ಮೂರು ನಿಮಿಷದಲ್ಲಿ ಬೇಯುತ್ತದೆ. ಕರಿದ ಕೇಕ್‌ನಲ್ಲಿ ಎಣ್ಣೆಯ ಪಾಲು ಸಾಮಾನ್ಯವಾಗಿ ನೂರಕ್ಕೆ 15ರಿಂದ 20. ಗಾಳಿಯಲ್ಲಿ ಒಣಗಿಸಿದ್ದರಲ್ಲಿ ಎಣ್ಣೆ ತೀರಾ ಕಡಿಮೆ, ರಂಧ್ರಗಳೂ ಕಡಿಮೆ. ಅದಕ್ಕೇ 4ರಿಂದ 6 ನಿಮಿಷ ಬೇಕು. ‘ಎಷ್ಟು ಹೊತ್ತಾದರೂ ಬೇಯಲಿಲ್ಲ’ ಎಂಬ ದೂರು ಅದರ ಮೇಲೆ ಹೊರಿಸಬಾರದು.

ಅಂಗಡಿಯಲ್ಲಿ

ತಯಾರಾದ ದಿನಾಂಕ ನೋಡಿ. ಹೋಲಿಸಬೇಕಾದ ಎರಡು ಪೊಟ್ಟಣಗಳ ನಡುವೆ ಎರಡು ತಿಂಗಳಿಗಿಂತ ಹೆಚ್ಚು ಅಂತರ ಬೇಡ. ಕರಿದ ಎಣ್ಣೆ ಹಳತಾದಷ್ಟೂ ಕಮಟು ಹತ್ತುತ್ತದೆ. ಬಿಸಿಲು ಬೀಳುವ ಅಂಗಡಿ ಮುಂಗಟ್ಟಿನಲ್ಲಿ ತೂಗುಹಾಕಿದ ಸರಕಿಗೆ ಅವಧಿ ಮುಗಿಯುವ ಮೊದಲೇ ಆ ವಾಸನೆ ಬರಬಹುದು. ಹಿಚುಕಿ ಪುಡಿಯಾದ ಪೊಟ್ಟಣ ಬಿಟ್ಟುಬಿಡಿ, ಎಳೆಯ ಉದ್ದಕ್ಕೂ ಅಂಕ ಕೊಡಬೇಕಲ್ಲ. ದೊಡ್ಡ ಕಂಪನಿಗಳು ಒಂದೇ ಹೆಸರಿನ ನೂಡಲ್ಸ್ ಅನ್ನು ಹಲವು ಕಡೆ ತಯಾರಿಸುತ್ತವೆ. ಮ್ಯಾಗಿ ನಮ್ಮ ನಂಜನಗೂಡಿನಲ್ಲೂ ತಯಾರಾಗುತ್ತದೆ, ಗೋವಾ, ಪಂಜಾಬ್‌ಗಳಲ್ಲೂ ತಯಾರಾಗುತ್ತದೆ. ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹೊರದೇಶದ ಪೊಟ್ಟಣವಾದರೆ ಆಮದುದಾರರು ಅಂಟಿಸಿದ ಚೀಟಿ ಓದಿ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಹೆಸರು ನೋಡಿ ಊಹಿಸಬೇಡಿ. ಕಿಮ್ಚಿ ಅಂದರೆ ಕೊರಿಯಾದ ಎಲೆಕೋಸಿನ ಉಪ್ಪಿನಕಾಯಿಯೇ ಆದರೂ ಅದರಲ್ಲಿ ಮೀನಿನ ಸಾಸ್ ಇರುವುದು ಸಾಮಾನ್ಯ. ಕೊರಿಯಾದ ಸಾರಿನ ಪುಡಿಗಳಲ್ಲಿ ದನದ ಮಾಂಸದ ಸಾರ ಇರುವುದೂ ಅಪರೂಪವಲ್ಲ. ನಿಮ್ಮ ವಿಮರ್ಶೆಯ ಮೊದಲ ಸಾಲಿನಲ್ಲೇ ಈ ಗುರುತು ಯಾವುದೆಂದು ತಿಳಿಸಿ. ಬಹಳ ಓದುಗರಿಗೆ ಬೇಕಾಗಿರುವುದು ಅದೊಂದೇ.

ಹಿಂಬದಿಯ ಸಣ್ಣ ಅಕ್ಷರ

ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಮುಂಬದಿಯಲ್ಲಿ ‘ರಾಗಿ ನೂಡಲ್ಸ್’ ಎಂದು ದೊಡ್ಡದಾಗಿದ್ದು, ಪಟ್ಟಿಯಲ್ಲಿ ಗೋಧಿ ಅಥವಾ ಮೈದಾ ಮೊದಲಿದ್ದರೆ ರಾಗಿ ಎರಡನೆಯ ಪಾಲುದಾರ ಅಷ್ಟೆ. ಶೇಕಡಾವಾರು ನಮೂದಿಸಿರುತ್ತಾರೆ, ಆ ಸಂಖ್ಯೆಯನ್ನೇ ಬರೆಯಿರಿ. ರಾಗಿ, ನವಣೆಗಳಲ್ಲಿ ಗ್ಲುಟೆನ್ (ಹಿಟ್ಟನ್ನು ಹಿಡಿದಿಡುವ, ಗೋಧಿಯಲ್ಲಿರುವ ಪ್ರೋಟೀನ್) ಇಲ್ಲ, ಎಳೆ ತಾನಾಗಿ ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಗೋಧಿಯನ್ನೋ ಗೌರ್ ಗಮ್‌ನಂಥ ಅಂಟನ್ನೋ (ಐಎನ್ಎಸ್ 412; ಐಎನ್ಎಸ್ ಎಂದರೆ ಆಹಾರಕ್ಕೆ ಬೆರೆಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆ) ಸೇರಿಸುತ್ತಾರೆ. ಆಟಾ ನೂಡಲ್ಸ್ ಬೇಗ ತುಂಡಾಗುವುದಕ್ಕೂ ಹೀಗೇ ಕಾರಣವುಂಟು: ಗೋಧಿ ತೌಡಿನ ಚೂರುಗಳು ಗ್ಲುಟೆನ್ ಜಾಲವನ್ನು ಅಲ್ಲಲ್ಲಿ ಕಡಿಯುತ್ತವೆ.

500, 501 ಸಂಖ್ಯೆಗಳು ಕ್ಷಾರದ ಉಪ್ಪುಗಳು, ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್. ನೂಡಲ್ಸ್‌ಗೆ ಆ ಹಳದಿ ಛಾಯೆ, ಜಗಿದರೆ ಪುಟಿಯುವ ಗುಣ, ಸಣ್ಣಗೆ ಸೋಡಾದಂಥ ವಾಸನೆ ಬರುವುದು ಅವುಗಳಿಂದ. 627, 631 ಅಥವಾ 635 ಇದ್ದರೆ ರುಚಿ ಹೆಚ್ಚಿಸುವ ಪದಾರ್ಥ, 621 ಇದ್ದರೆ ಗ್ಲುಟಮೇಟ್‌ನ ಉಪ್ಪಾದ ಎಂಎಸ್‌ಜಿ. 2015ರಲ್ಲಿ ಮ್ಯಾಗಿ ಮಾರಾಟ ನಿಂತಾಗ ಅದರಲ್ಲಿ ಸೀಸ (ಲೆಡ್) ಇದೆಯೇ ಎಂಬ ಪ್ರಶ್ನೆಯ ಜೊತೆಗೆ ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಬರಹದ ಮೇಲೂ ಆಕ್ಷೇಪ ಬಂದಿತ್ತು. ಟೊಮೆಟೊ, ಈರುಳ್ಳಿ ಪುಡಿ, ಹೈಡ್ರೊಲೈಸ್ ಮಾಡಿದ (ಒಡೆದು ಬಿಡಿಸಿದ) ಸಸ್ಯ ಪ್ರೋಟೀನ್‌ಗಳಲ್ಲೇ ಗ್ಲುಟಮೇಟ್ ಇರುತ್ತದೆ. ಆದ್ದರಿಂದ ಬಾಯಿಚಪ್ಪರಿಸುವ ರುಚಿ ಸಿಕ್ಕ ಮಾತ್ರಕ್ಕೆ ‘ಎಂಎಸ್‌ಜಿ ಹಾಕಿದ್ದಾರೆ’ ಎಂದು ಬರೆಯಬೇಡಿ.

ಸೋಡಿಯಂ ಲೆಕ್ಕ ಕಡ್ಡಾಯ. 100 ಗ್ರಾಂಗೆ 1,200 ಮಿ.ಗ್ರಾಂ. ಎಂದಿದ್ದರೆ 70 ಗ್ರಾಂ ಪೊಟ್ಟಣದಲ್ಲಿ 840. ಅದನ್ನು 2.5ರಿಂದ ಗುಣಿಸಿದರೆ ಉಪ್ಪು: 2.1 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ದಿನದ ಮಿತಿ 5 ಗ್ರಾಂಗಿಂತ ಕಡಿಮೆ ಉಪ್ಪು. ಒಂದೇ ದಿನ ನಾಲ್ಕು ಬಗೆ ಪರೀಕ್ಷಿಸುವವರು ಪ್ರತಿಯೊಂದರಲ್ಲೂ ನಾಲ್ಕೈದು ತುತ್ತು ತಿಂದು ಉಳಿದದ್ದನ್ನು ಮನೆಯವರಿಗೆ ಹಂಚಬೇಕು.

ಬೇಯಿಸುವುದು

ಒಂದು ಬಗೆಗೆ ಮೂರು ಪೊಟ್ಟಣ ತನ್ನಿ. ಮೊದಲನೆಯದು ಬಿಡಿಬಿಡಿ ಪರೀಕ್ಷೆಗೆ, ಎರಡನೆಯದು ಪೊಟ್ಟಣದ ಸೂಚನೆಯಂತೆ, ಮೂರನೆಯದು ಇನ್ನೊಂದು ದಿನ ಅದೇ ರೀತಿ ಮರುಪರೀಕ್ಷೆಗೆ.

ಬಿಡಿ ಪರೀಕ್ಷೆಯಲ್ಲಿ ಮೊದಲು ಪೊಟ್ಟಣ ಒಡೆದ ಕೂಡಲೇ ಕೇಕ್ ಮೂಸಿ. ಗೋಧಿ ಹುರಿದ ವಾಸನೆ ಇರಬೇಕು. ಹಳೆ ಕಡಲೆಕಾಯಿಯಂಥ ಕಮಟು ಬಂದರೆ ಅಲ್ಲಿಗೇ ನಿಲ್ಲಿಸಿ ಬೇರೆ ಬ್ಯಾಚ್ ತನ್ನಿ. ಕೇಕ್ ಮತ್ತು ಮಸಾಲೆ ಪೊಟ್ಟಣ ಬೇರೆ ಬೇರೆ ತೂಗಿ. ಆಮೇಲೆ ಅರ್ಧ ಕೇಕ್ ಅನ್ನು ಬರೀ ನೀರಿನಲ್ಲಿ, ಮಸಾಲೆ ಇಲ್ಲದೆ ಬೇಯಿಸಿ ತಿನ್ನಿ. ಎಳೆಯ ಗುಣ ಗೊತ್ತಾಗುವುದು ಇಲ್ಲೇ, ಮಸಾಲೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೇಯಿಸಿದ ನೀರಿನ ಮೇಲೆ ಎಣ್ಣೆಯ ಕಣ್ಣುಗಳು ಎಷ್ಟು ತೇಲುತ್ತವೆ, ನೀರು ಎಷ್ಟು ಬೆಳ್ಳಗಾಗುತ್ತದೆ ನೋಡಿ. ಗಂಜಿಯಂತಾದರೆ ಪಿಷ್ಟ ಕಳಚುತ್ತಿದೆ ಎಂದರ್ಥ, ಅಂಥ ಎಳೆ ಬೇಗ ಅಂಟುತ್ತದೆ. ಅರ್ಧ ಮಸಾಲೆಯನ್ನು ಬೇರೆಯಾಗಿ 100 ಮಿ.ಲೀ. ಬಿಸಿನೀರಿಗೆ ಕದಡಿ ಒಂದು ಚಮಚ ಕುಡಿಯಿರಿ. ಉಪ್ಪು ಮೊದಲೋ, ಸಿಹಿ ಮೊದಲೋ, ಅರಿಶಿನದ ಹಸಿ ವಾಸನೆ ಉಳಿದಿದೆಯೋ, ಕೊತ್ತಂಬರಿ ಬೀಜ, ಮೆಂತ್ಯದ ಕಹಿ ಎಲ್ಲಿ ಬರುತ್ತದೆ: ಎಲ್ಲ ತೆರೆದುಕೊಳ್ಳುತ್ತದೆ.

ಮುಖ್ಯ ಪರೀಕ್ಷೆಗೆ ಪೊಟ್ಟಣ ಹೇಳಿದಷ್ಟೇ ನೀರು. ‘ಒಂದೂವರೆ ಕಪ್’ ಎಂದಿದ್ದರೆ ಪಕ್ಕದಲ್ಲೇ ಮಿ.ಲೀ. ಇದೆಯೇ ಹುಡುಕಿ; ಕಪ್ ಎಂಬುದು ಮನೆಗೊಂದು ಅಳತೆ. ನೀರು ಪೂರ್ತಿ ಕುದಿ ಬಂದಮೇಲೆ ಕೇಕ್ ಹಾಕಿ, ಆಗಲೇ ಟೈಮರ್ ಒತ್ತಿ. ಕೇಕ್ ಮುರಿಯಬೇಡಿ. ಅರ್ಧ ಸಮಯ ಕಳೆದಾಗ ಒಮ್ಮೆ ಮಗುಚಿ, ಕೊನೆಯಲ್ಲಿ ಒಮ್ಮೆ ಬಿಡಿಸಿ, ಅಷ್ಟು ಸಾಕು. ಸೌಟಿನಿಂದ ಸತತ ತಿರುವಿದರೆ ಎಳೆ ಸೀಳಿ ಪಿಷ್ಟ ಬಿಡುತ್ತದೆ. ಮಸಾಲೆಯನ್ನು ನೀರಿಗೇ ಹಾಕಿ ಎಂದಿದ್ದರೆ ನೀರಿಗೇ ಹಾಕಿ. ಕೊನೆಗೆ ಹಾಕಿದರೆ ಹಸಿ ವಾಸನೆ ಉಳಿದು, ಮಸಾಲೆ ಎಳೆಗೆ ಹಿಡಿಯದೆ ತಳದಲ್ಲಿ ಕೂರುತ್ತದೆ. ಎಣ್ಣೆಯ ಪೊಟ್ಟಣ ಬೇರೆ ಇದ್ದರೆ ಅದು ಯಾವಾಗಲೂ ಒಲೆ ಆರಿಸಿದ ಮೇಲೆ. ಅದರ ಘಮ ಕುದಿಯಲ್ಲಿ ಹಾರಿಹೋಗುತ್ತದೆ.

ಬೆಂದಿದೆಯೇ ಎಂದು ತಿಳಿಯಲು ಒಂದು ಎಳೆ ತೆಗೆದು ಉಗುರಿನಿಂದ ಅಡ್ಡ ಕತ್ತರಿಸಿ, ಬೆಳಕಿಗೆ ಹಿಡಿಯಿರಿ. ನಡುವೆ ಬಿಳಿ ಚುಕ್ಕೆ ಕಂಡರೆ ಒಳಗೆ ನೀರು ಇನ್ನೂ ತಲುಪಿಲ್ಲ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲಿ. ಎತ್ತರದ ಊರಿನವರು ಸೂಚಿಸಿದ ಸಮಯ ಮುಗಿದ ಮೇಲೆ ಬಿಳಿ ಚುಕ್ಕೆ ಮಾಯವಾಗುವವರೆಗೆ 15 ಸೆಕೆಂಡಿನಂತೆ ಸೇರಿಸುತ್ತ ಹೋಗಿ, ಒಟ್ಟು ಸಮಯವನ್ನು ವಿಮರ್ಶೆಯಲ್ಲಿ ನಮೂದಿಸಿ.

ಬಸಿಯುವ ಬಗೆಯಲ್ಲಿ ಎಡವುವುದು ಉಳಿಸುವ ನೀರಿನಲ್ಲಿ. ಕೊರಿಯಾದ ಸಾಮ್ಯಾಂಗ್ ಕಂಪನಿಯ ಖಾರದ ನೂಡಲ್ಸ್ ಬುಲ್ಡಕ್‌ಗೆ 600 ಮಿ.ಲೀ. ನೀರಲ್ಲಿ 5 ನಿಮಿಷ ಬೇಯಿಸಿ, 8 ದೊಡ್ಡ ಚಮಚ ನೀರು ಮಾತ್ರ ಉಳಿಸಿ, ಸಾಸ್ ಹಾಕಿ 30 ಸೆಕೆಂಡು ಬಾಡಿಸಬೇಕು. ಪೂರ್ತಿ ಬಸಿದರೆ ಸಾಸ್ ಹರಡದೆ ಅಲ್ಲಲ್ಲಿ ಉಂಡೆಗಟ್ಟುತ್ತದೆ. ಕಪ್ ನೂಡಲ್ಸ್‌ನಲ್ಲಿ ಎಡವುವುದು ನೀರಿನ ಬಿಸಿಯಲ್ಲಿ: ಕೆಟಲ್ ಆಫ್ ಆಗಿ ಐದು ನಿಮಿಷವಾದ ನೀರು ಸಾಲದು. ಕುದಿಯುತ್ತಿರುವಾಗಲೇ ಒಳಗಿನ ಗೆರೆಯವರೆಗೆ ಸುರಿದು, ಮುಚ್ಚಳದ ಮೇಲೆ ಭಾರ ಇಟ್ಟು, ಸಮಯವಾದ ಮೇಲೆ ತಳದಿಂದ ಕಲಕಬೇಕು.

ತಿನ್ನುವುದು, ಅಂಕ ಹಾಕುವುದು

ಒಲೆ ಆರಿಸಿದ ಒಂದು ನಿಮಿಷಕ್ಕೆ ಮೊದಲ ತುತ್ತು, ಐದನೇ ನಿಮಿಷಕ್ಕೆ ಎರಡನೆಯದು, ಹತ್ತನೇ ನಿಮಿಷಕ್ಕೆ ಮೂರನೆಯದು. ಇನ್‌ಸ್ಟಂಟ್ ನೂಡಲ್ಸ್‌ನ ನಿಜವಾದ ಗುಣ ಹತ್ತನೇ ನಿಮಿಷದಲ್ಲಿ ಬಯಲಾಗುತ್ತದೆ. ಮಕ್ಕಳ ಡಬ್ಬಿಗೆ ಕಟ್ಟುವವರಿಗೆ ಆ ಮಾಹಿತಿಯೇ ಮುಖ್ಯ. ಊದಿಕೊಂಡು ಒಂದೇ ಗಡ್ಡೆಯಾಯಿತೇ, ಫೋರ್ಕ್‌ಗೆ ಬಿಡಿ ಎಳೆ ಬಂತೇ ಎಂದು ಬರೆಯಿರಿ.

ಎರಡು ಬಗೆಗಳ ನಡುವೆ ಸಪ್ಪೆ ಮಂಡಕ್ಕಿ ಒಂದು ಹಿಡಿ, ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಬಿಡುವು. ಖಾರದ ಬಗೆಗಳು ಕಟ್ಟಕಡೆಗೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ತಣ್ಣೀರು ಕುಡಿದರೆ ಉರಿ ಹರಡುತ್ತದೆ. ಹಾಲು ಅಥವಾ ಮೊಸರು ಇಟ್ಟುಕೊಳ್ಳಿ. ಬುಲ್ಡಕ್‌ನ ಅತಿ ಖಾರದ ಬಗೆಗಳನ್ನು 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಅಂಗಡಿಗಳಿಂದ ವಾಪಸ್ ತರಿಸಿತ್ತು, ಒಂದನ್ನು ಬಿಟ್ಟು ಉಳಿದವಕ್ಕೆ ಮುಂದಿನ ತಿಂಗಳು ಅನುಮತಿ ಕೊಟ್ಟಿತು. ಇವನ್ನು ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಖಾರ ಎಷ್ಟು ಎಂಬುದಕ್ಕಿಂತ ಎಲ್ಲಿ, ಯಾವಾಗ ಎಂದು ಗಮನಿಸಿ: ತುಟಿಯಲ್ಲೋ, ನಾಲಿಗೆ ತುದಿಯಲ್ಲೋ, ನುಂಗಿದ ಮೇಲೆ ಗಂಟಲಲ್ಲೋ.

ಅಂಕಗಳನ್ನು ನಾವು ಹೀಗೆ ಹಂಚುತ್ತೇವೆ: ಎಳೆಗೆ 40, ಮಸಾಲೆ ರುಚಿಗೆ 30, ಘಮಕ್ಕೆ 15, ಬಾಯಲ್ಲಿ ಉಳಿಯುವುದಕ್ಕೆ 15. ಎಳೆಗೆ ಹೆಚ್ಚು ಯಾಕೆಂದರೆ ಮಸಾಲೆ ಕಡಿಮೆಯಾದರೆ ಮನೆಯಲ್ಲಿ ಸರಿಮಾಡಬಹುದು, ಎಳೆ ಕೆಟ್ಟಿದ್ದರೆ ಯಾವ ಒಗ್ಗರಣೆಯೂ ಉಳಿಸದು. ಬೆಲೆಯನ್ನು ಅಂಕದೊಳಗೆ ಸೇರಿಸಬೇಡಿ, 100 ಗ್ರಾಂಗೆ ಎಷ್ಟು ರೂಪಾಯಿ ಎಂದು ಪಕ್ಕದಲ್ಲಿ ಕೊಡಿ. ಬೆಲೆ ಅದೇ ಇಟ್ಟು ತೂಕ ಇಳಿಸುವುದು ಈ ವ್ಯಾಪಾರದಲ್ಲಿ ಮಾಮೂಲು, ಪೊಟ್ಟಣದ ಬೆಲೆ ಮಾತ್ರ ಬರೆದರೆ ಅದು ಕಾಣುವುದಿಲ್ಲ.

‘ಇದಕ್ಕೂ ಅದಕ್ಕೂ ತುಂಬಾ ವ್ಯತ್ಯಾಸ’ ಎಂದು ಬರೆಯುವ ಮೊದಲು ಮೂರು ಬಟ್ಟಲಿನ ಪರೀಕ್ಷೆ ಮಾಡಿ. ಮನೆಯವರೊಬ್ಬರು ಎರಡು ಬಟ್ಟಲಿಗೆ ಒಂದು ಬಗೆ, ಮೂರನೆಯದಕ್ಕೆ ಇನ್ನೊಂದು ಬಗೆ ಬಡಿಸಿ ತಳಕ್ಕೆ ಗುರುತು ಹಾಕಲಿ. ಬೇರೆಯದು ಯಾವುದೆಂದು ನೀವು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆದ್ದರಿಂದ ಪರೀಕ್ಷೆಯನ್ನು ಮೂರು ಸಲ ಮಾಡಿ: ಬರೀ ಊಹೆಯಿಂದ ಮೂರು ಸಲವೂ ಸರಿಯಾಗುವ ಸಾಧ್ಯತೆ 27ರಲ್ಲಿ ಒಂದು. ಬಣ್ಣ, ಎಳೆಯ ದಪ್ಪ ಎದ್ದು ಕಾಣುವಂತಿದ್ದರೆ ಕಣ್ಣು ಮುಚ್ಚಿ ತಿನ್ನಿ.

ಬರೆಯುವಾಗ

‘ಸೂಪರ್’, ‘ಓಕೆ ಓಕೆ’ ಎಂದರೆ ಓದುವವರ ಕೈಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಎಳೆ ದಪ್ಪ, ದುಂಡು, ಹತ್ತನೇ ನಿಮಿಷಕ್ಕೂ ಬಿಡಿಯಾಗಿತ್ತು. ಮೊದಲು ಸಿಹಿ, ಆಮೇಲೆ ಧನಿಯಾ, ಖಾರ ಗಂಟಲಲ್ಲಿ ಸಣ್ಣಗೆ. ಉಪ್ಪು ಮುಂದು. ನೀರು 20 ಮಿ.ಲೀ. ಹೆಚ್ಚು ಹಾಕಿದರೆ ಸಮ.’ ಕೊನೆಯ ಆ ಸಲಹೆ ಕೊಡುವ ಮೊದಲು ಹಾಗೆ ಮಾಡಿ ನೋಡಿರಬೇಕು. ತರಕಾರಿ, ಮೊಟ್ಟೆ ಸೇರಿಸಿದ ಪ್ರಯೋಗಗಳೂ ಇದೇ ಜಾಗಕ್ಕೆ, ಅಂಕಪಟ್ಟಿಯಿಂದ ಹೊರಗೆ. ಹಸಿ ತರಕಾರಿ ನೀರು ಬಿಡುತ್ತದೆ: 50 ಗ್ರಾಂ ಟೊಮೆಟೊ ಹಾಕುವುದಾದರೆ ನೀರನ್ನು 30 ಮಿ.ಲೀ. ಇಳಿಸಿ ಶುರುಮಾಡಿ.

ತಲೆಬರಹದ ಕೆಳಗೆ ಪೊಟ್ಟಣದ ತೂಕ, ಸಸ್ಯಾಹಾರದ ಗುರುತು, ಬ್ಯಾಚ್, ತಯಾರಾದ ತಿಂಗಳು, ಬಳಸಿದ ನೀರು, ಒಟ್ಟು ಸಮಯ, ಊರು ಇಷ್ಟನ್ನೂ ಒಂದೇ ಸಾಲಿನಲ್ಲಿ ಕೊಡಿ. ಕಂಪನಿಗಳು ಸದ್ದಿಲ್ಲದೆ ಮಸಾಲೆ ಬದಲಿಸುತ್ತವೆ. ಪೊಟ್ಟಣದ ವಿನ್ಯಾಸ ಹೊಸದಾದಾಗ, ಪದಾರ್ಥಗಳ ಕ್ರಮ ಅಥವಾ ಸೋಡಿಯಂ ಸಂಖ್ಯೆ ಬದಲಾದಾಗ ಹೊಸ ಪೊಟ್ಟಣ ತಂದು ಮತ್ತೆ ಪರೀಕ್ಷಿಸಿ, ಹಳೆಯ ಅಂಕ ಅಳಿಸದೆ ಅದರ ಕೆಳಗೇ ಹೊಸದನ್ನು ದಿನಾಂಕ ಸಮೇತ ಸೇರಿಸಿ.