ಮಕ್ಕಳ ಕೈಗೆ ಫಾಯಿಲ್ ಕೊಡಿ: ಹೊಸದಾಗಿ ಬಂದವರಿಗೆ

ಸೋಶಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕು, ಲೈಸೆನ್ಸು, ಮಕ್ಕಳ ಲಸಿಕೆ ಕಾಗದ, ಇವನ್ನೆಲ್ಲ ಅಮೆರಿಕಕ್ಕೆ ಬಂದ ಕೂಡಲೇ ಮುಗಿಸಿಕೊಳ್ಳಿ. ಅದನ್ನು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ನಾನು ಎಡವಿದ್ದು ಅಡುಗೆಮನೆಯಲ್ಲಿ.

ನ್ಯೂಜೆರ್ಸಿಗೆ ಬಂದು ಹತ್ತು ವರ್ಷ ಮಗಳನ್ನು ಒಲೆಯ ಹತ್ತಿರ ಬಿಡಲಿಲ್ಲ. "ನೀನು ಓದಿಕೊ, ನಾನು ಮಾಡ್ತೇನೆ." ಕಾಲೇಜಿಗೆ ಹೋದವಳು ರಾತ್ರಿಯೂ ಹಾಲಿಗೆ ಸೀರಿಯಲ್ ಸುರಿದುಕೊಂಡು ತಿನ್ನುತ್ತಾಳೆ ಅಂತ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಮಗನಿಗಾದರೂ ಕಲಿಸೋಣ ಅಂತ ಹೊರಟರೆ, ಶುರು ಮಾಡಿದ್ದು ಒಗ್ಗರಣೆಯಿಂದ! ಸಾಸಿವೆ ಸಿಡಿಯಿತು, ಮೆಣಸಿನ ಘಾಟಿಗೆ ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯಿತು, ಹನ್ನೊಂದು ವರ್ಷದ ಹುಡುಗ ಸೌಟು ಬಿಸಾಡಿ ಓಡಿದ. ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅಲ್ಯೂಮಿನಿಯಂ ಫಾಯಿಲಿನ ಪೊಟ್ಟಣದಲ್ಲಿ ಬೇಯಿಸುವ ಉಪಾಯ ತಂದವನೂ ಅವನೇ. ಸ್ಕೌಟ್ ಕ್ಯಾಂಪಿನಲ್ಲಿ ಕೆಂಡದ ಮೇಲಿಟ್ಟು ಬೇಯಿಸಿದ್ದನಂತೆ. ನಾವು ಕೆಂಡದ ಬದಲು ಓವನ್ ಹಿಡಿದೆವು. ದಪ್ಪ ಫಾಯಿಲಿನ ಮೇಲೆ ಆಲೂಗಡ್ಡೆ, ಬೀನ್ಸ್, ಈರುಳ್ಳಿ, ಎಣ್ಣೆ, ಉಪ್ಪು, ಒಂದು ಚಮಚ ಸಾರಿನ ಪುಡಿ. ಒಳಗೆ ಹಬೆಗೆ ಸ್ವಲ್ಪ ಜಾಗ ಬಿಟ್ಟು ಅಂಚು ಎರಡು ಸಲ ಮಡಿಸಿ, 400 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅರ್ಧ ಗಂಟೆ.

ಸಾಗುವಿಗೆ ಹೆಚ್ಚುವ ಹಾಗೆ ಆಲೂಗಡ್ಡೆ ಹೆಚ್ಚಬೇಡಿ. ನಾನು ಹೆಚ್ಚಿದೆ, ಬೀನ್ಸ್ ಕರಗಿ ಹೋಗಿತ್ತು, ಆಲೂಗಡ್ಡೆ ಕಟಕಟ ಅನ್ನುತ್ತಿತ್ತು. ಕಾಲು ಇಂಚಿಗಿಂತ ತೆಳ್ಳಗಿರಲಿ. ಹುಣಸೆರಸ ಹಾಕಿದ ಪೊಟ್ಟಣವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ, ಬೆಳಿಗ್ಗೆ ಫಾಯಿಲ್ ತುಂಬ ಸೂಜಿಮೊನೆಯಷ್ಟು ತೂತು. ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಒಳಗೊಂದು ಬೇಕಿಂಗ್ ಪೇಪರ್ ಹಾಸಿ, ನಿಂಬೆಹಣ್ಣನ್ನು ಬಿಚ್ಚಿದ ಮೇಲೆ ಹಿಂಡಿ. ಉಳಿದದ್ದನ್ನು ಫಾಯಿಲ್ ಸಮೇತ ಮೈಕ್ರೋವೇವಿಗೆ ಇಟ್ಟು ಮನೆಯೊಳಗೇ ದೀಪಾವಳಿ ಮಾಡಿದವಳೂ ನಾನೇ. ಬಿಚ್ಚುವಾಗ ಮುಖ ದೂರ ಇರಲಿ, ಹಬೆ ಹೊಡೆದ ಕಲೆ ನನ್ನ ಮಣಿಕಟ್ಟಿನಲ್ಲಿ ಇನ್ನೂ ಇದೆ.

ಇನ್ನೊಂದು. "ಉಪ್ಪು ನೋಡಿ ಹಾಕು" ಅಂದರೆ ಈ ಮಕ್ಕಳಿಗೆ ಅರ್ಥವಾಗುವುದಿಲ್ಲ. "ನೋಡಿ ಅಂದರೆ ಎಷ್ಟು?" ಅಂತಾನೆ ಮಗ. ನನ್ನ ಚಿಟಿಕೆಯನ್ನು ಚಮಚಕ್ಕೆ ಉದುರಿಸಿ ಮೊದಲ ಸಲ ಅಳೆದೆ. ನನ್ನ ಎರಡು ಚಿಟಿಕೆ ಅಂದರೆ ಅವನ ಕಾಲು ಚಮಚ.

ಊರಲ್ಲಿ ಅಷ್ಟಮಿಗೆ ಅಮ್ಮ ನಾಲ್ಕು ಹಲಸಿನೆಲೆಗೆ ಕಡ್ಡಿ ಚುಚ್ಚಿ "ಕೊಟ್ಟೆ", ಅಂದರೆ ಎಲೆಯ ಬಟ್ಟಲು, ಕಟ್ಟುತ್ತಿದ್ದರು, ಕಡುಬಿಗೆ. ಒಂದು ಹನಿ ಹಿಟ್ಟು ಸೋರುತ್ತಿರಲಿಲ್ಲ. ನನಗೆ ಕಟ್ಟಲು ಬರುವುದಿಲ್ಲ. ನೀನು ಓದಿಕೊ ಅಂತ ಅವರೂ ಹೇಳಿದ್ದರು. ಇಲ್ಲಿ ಬಾಳೆಲೆ ಫ್ರೋಜನ್ ಸಿಗುತ್ತದೆ, ಹಲಸಿನೆಲೆ ನಾನಂತೂ ಕಂಡಿಲ್ಲ.

ಮೊನ್ನೆ ವಿಡಿಯೋ ಕಾಲಿನಲ್ಲಿ ಅಮ್ಮ ಮೊಮ್ಮಗನ ಪೊಟ್ಟಣ ನೋಡುತ್ತಿದ್ದರು. "ಆ ಮೂಲೆ ಇನ್ನೊಮ್ಮೆ ಮಡಿಸು ಮಗಾ, ಹಬೆ ಹೋಗ್ತದೆ." ನಾನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆಯುವಷ್ಟರಲ್ಲಿ ಅವನು ಮಡಿಸಿ ಆಗಿತ್ತು.