ಏಳು ಭಾಷೆಗಳ ನಾಡಿನಲ್ಲಿ ಕಿವಿ ಕೇಳದ ಮಗುವಿಗೆ ಕನ್ನಡ ಕಲಿಸಿದ ಬಗೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಾನು ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ (ಬಿ.ಆರ್.ಸಿ.) ಗೊತ್ತುಪಡಿಸಿದ ಶಾಲೆಗಳಿಗೆ ವಾರದ ಬೇರೆ ಬೇರೆ ದಿನ ಹೋಗಿ ಅಲ್ಲಿನ ಮಕ್ಕಳಿಗೆ, ಅವರ ತರಗತಿಯ ಟೀಚರುಗಳಿಗೆ ಮತ್ತು ಮನೆಯವರಿಗೆ ನೆರವಾಗುವುದು ನನ್ನ ಪಾಲಿನ ಕೆಲಸ. ಕಿವುಡ ಮಕ್ಕಳ ಶಿಕ್ಷಣದ ತೊಂದರೆಗಳು ಎಲ್ಲ ಕಡೆಯೂ ಇರುವಂಥವೇ ಆದರೂ, ನಮ್ಮ ಈ ಗಡಿನಾಡಿನಲ್ಲಿ ಅವಕ್ಕೆ ಇನ್ನೊಂದು ಸುತ್ತು ಸೇರಿಕೊಳ್ಳುತ್ತದೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಬ್ಯಾರಿ ಭಾಷೆಯೋ ಇರುತ್ತದೆ. ಶಾಲೆಯಲ್ಲಿ ಪುಸ್ತಕದ ಕನ್ನಡ. ಆಸ್ಪತ್ರೆಯಲ್ಲಿ, ಸರಕಾರಿ ಸೇವೆಗಳ ಅರ್ಜಿ ಸಲ್ಲಿಸುವ ಅಕ್ಷಯ ಕೇಂದ್ರದಲ್ಲಿ, ಸರಕಾರಿ ಅರ್ಜಿಯಲ್ಲಿ ಮಲಯಾಳ. ಕಿವಿ ಕೇಳುವ ಮಗು ಅಂಗನವಾಡಿಯ ಜಗಲಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಬಾಗಿಲಲ್ಲಿ ನಿಂತೇ ಇವನ್ನೆಲ್ಲ ಕಲಿತುಬಿಡುತ್ತದೆ. ಕಿವಿ ಕೇಳದ ಮಗುವಿಗೆ ಇವುಗಳಲ್ಲಿ ಒಂದೂ ಪೂರ್ತಿಯಾಗಿ ದಕ್ಕದೆ ಹೋಗುವ ಅಪಾಯ ಇದೆ. ಯಂತ್ರ ಯಾವುದು, ಶಾಲೆ ಯಾವುದು ಎಂಬ ಚರ್ಚೆಗೆ ಮೊದಲು, ಮನೆಯವರೆಲ್ಲರೂ ಆ ಮಗುವಿನೊಡನೆ ಮಾತನಾಡಬಲ್ಲ ಒಂದು ಭಾಷೆಯನ್ನು ಗಟ್ಟಿ ಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣವಾದ ಒಬ್ಬ ಹುಡುಗಿಯ ಕಲಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಬದಿಯಡ್ಕದ ಒಳಭಾಗದ ತುಳು ಮನೆಮಾತಿನ ಮನೆ ಅದು. ಮಗು ಕರೆದರೆ ತಿರುಗುವುದಿಲ್ಲ ಎಂಬುದನ್ನು ಮನೆಯವರು ಬೇಗನೆ ಗಮನಿಸಿದ್ದರು. ಆದರೆ ‘ಅಪ್ಪನೂ ತಡವಾಗಿಯೇ ಮಾತು ಕಲಿತದ್ದು’ ಎಂಬ ಸಮಾಧಾನ ನಮ್ಮ ಎಲ್ಲ ಮನೆಗಳಲ್ಲೂ ಸಿದ್ಧವಾಗಿಯೇ ಇರುತ್ತದೆ. ಕೊನೆಗೆ ಮಂಗಳೂರಿನಲ್ಲಿ ಬೆರಾ ಪರೀಕ್ಷೆ (ಸದ್ದಿಗೆ ಶ್ರವಣ ನರ ಮತ್ತು ಮೆದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಮಾಡಿಸಿದಾಗ ಎರಡೂ ಕಿವಿಗಳ ನಷ್ಟ 70 ಡೆಸಿಬೆಲ್‌ಗಿಂತ ಬಹಳ ಹೆಚ್ಚೆಂದು ತಿಳಿಯಿತು. ಕಾನೂನು ಕಿವುಡುತನವೆಂದು ಪರಿಗಣಿಸುವುದು ಆ ಅಳತೆಯಿಂದ ಮೇಲಿನದನ್ನು. ಕೇರಳ ಸರಕಾರ 2012ರಲ್ಲಿ ಆರಂಭಿಸಿದ ‘ಶ್ರುತಿತರಂಗಂ’ ಯೋಜನೆಯಲ್ಲಿ ಐದು ವರ್ಷದವರೆಗಿನ ಮಕ್ಕಳಿಗೆ ಒಳಗಿವಿಯಲ್ಲಿ ಶ್ರವಣ ಯಂತ್ರ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ಅವಕಾಶ ಇದೆಯಾದರೂ, ಪರೀಕ್ಷೆ, ಕಾಗದಪತ್ರ, ಮನೆಯವರ ಹಿಂಜರಿಕೆ ಎಲ್ಲ ಮುಗಿಯುವಷ್ಟರಲ್ಲಿ ಆ ವಯಸ್ಸು ದಾಟಿತ್ತು. ಕಿವಿಯ ಹಿಂದೆ ಕೂರುವ ಶ್ರವಣ ಸಾಧನಗಳೊಂದಿಗೆ ಆಕೆ ಒಂದನೆಯ ತರಗತಿಗೆ ಬಂದಳು.

ಶ್ರವಣ ಸಾಧನ ತೊಡಿಸಿದ ಕೂಡಲೇ ಮಗುವಿಗೆ ಮಾತು ಕೇಳುತ್ತದೆ ಎಂದು ತಿಳಿಯುವವರೇ ಹೆಚ್ಚು. ಸಾಧನ ಸದ್ದನ್ನು ದೊಡ್ಡದು ಮಾಡುತ್ತದೆ, ಮಾತನ್ನು ಬಿಡಿಸಿ ಕೊಡುವುದಿಲ್ಲ. ಅದೂ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮಾತ್ರ. ಆದ್ದರಿಂದ ದಿನದ ಮೊದಲ ಕೆಲಸವಾಗಿ ಕಿವುಡ ಮಕ್ಕಳ ಮಾತಿನ ಕಲಿಕೆಯ ತಜ್ಞ ಡೇನಿಯಲ್ ಲಿಂಗ್ ಅವರ ಆರು ಧ್ವನಿಗಳ ಪರೀಕ್ಷೆಯನ್ನು ರೂಢಿಗೆ ತಂದೆ. ಆ, ಈ, ಊ, ಮ್, ಶ್, ಸ್ ಎಂಬ ಈ ಆರು ಧ್ವನಿಗಳಲ್ಲಿ ಮಾತಿಗೆ ಬೇಕಾದ ತಗ್ಗಿನಿಂದ ಏರಿನವರೆಗಿನ ಸ್ವರವ್ಯಾಪ್ತಿ ಅಡಕವಾಗಿದೆ. ಹುಡುಗಿಯ ಮನೆಯಲ್ಲಿ ಅಜ್ಜಿಯ ಕಾಲದ ಚೆನ್ನೆಮಣೆ, ಅಂದರೆ ಗುಳಿಗಳಿಗೆ ಕಾಯಿ ಹಾಕಿ ಆಡುವ ಮರದ ಮಣೆ, ಇತ್ತು. ಅದನ್ನು ಎದುರಿಗಿಟ್ಟು, ಅಮ್ಮ ಕಾಗದದಿಂದ ಬಾಯಿ ಮರೆಮಾಡಿಕೊಂಡು ಒಂದೊಂದೇ ಧ್ವನಿ ಹೊರಡಿಸಬೇಕು. ಕೇಳಿಸಿದಾಗ ಮಗು ಒಂದು ಕಾಯಿಯನ್ನು ಗುಳಿಗೆ ಹಾಕಬೇಕು. ಆರು ಗುಳಿ ತುಂಬಬೇಕಾದಲ್ಲಿ ಎಷ್ಟು ತುಂಬಿತು ಎಂದು ನೋಡಿದರೆ ಆ ದಿನದ ಸ್ಥಿತಿ ಗೊತ್ತಾಗುತ್ತದೆ. ಈ ಹುಡುಗಿಗೆ ‘ಸ್’ ಮತ್ತು ‘ಶ್’ ಎಂದೂ ಕೇಳಿಸಲಿಲ್ಲ, ಉಳಿದ ನಾಲ್ಕು ಕೇಳಿಸುತ್ತಿದ್ದವು. ಒಂದು ದಿನ ಆ ನಾಲ್ಕರಲ್ಲಿಯೂ ಕಡಿಮೆಯಾದರೆ ಬ್ಯಾಟರಿ ಮುಗಿದಿದೆ, ಇಲ್ಲವೆ ನಳಿಕೆಯಲ್ಲಿ ನೀರು ಕೂತಿದೆ ಎಂದು ತಿಳಿಯಬೇಕು.

ನಮ್ಮ ಮಳೆಗಾಲದಲ್ಲಿ ನೀರು ಕೂರುವುದು ಸಾಮಾನ್ಯ. ರಾತ್ರಿ ಸಾಧನವನ್ನು ಬ್ಯಾಟರಿ ತೆಗೆದು ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿ ಇಡದಿದ್ದರೆ ಆಷಾಢ ಮುಗಿಯುವ ಮೊದಲೇ ಅದು ಕೆಡುತ್ತದೆ. ಝಿಂಕ್-ಏರ್ ಬ್ಯಾಟರಿಯ ಮೇಲಿನ ಚೀಟಿಯನ್ನು ಕಿತ್ತ ಕೂಡಲೇ ಗಾಳಿ ತಾಗಿ ಅದರ ಆಯುಸ್ಸು ಕರಗಲು ತೊಡಗುತ್ತದಾದ್ದರಿಂದ ಎಲ್ಲವನ್ನೂ ಒಮ್ಮೆಗೇ ಬಿಚ್ಚಿಡಬಾರದು. ಮಗು ಬೆಳೆದಂತೆ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿ ಸಾಧನ ‘ಕುಂಯ್’ ಎನ್ನುತ್ತದೆ. ಆಗ ಸದ್ದು ತಗ್ಗಿಸುವುದು ಪರಿಹಾರವಲ್ಲ, ಹೊಸ ಅಚ್ಚು ಮಾಡಿಸಬೇಕು. ಇಷ್ಟನ್ನು ತಾಯಿಗೆ ಹೇಳಿಕೊಟ್ಟ ಮೇಲೆ ಆಕೆ ಈ ವಿಷಯದಲ್ಲಿ ನನಗಿಂತ ಚುರುಕಾದಳು.

ಆದರೆ ಭಾಷೆ ಇದರಿಂದ ಬರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಸನ್ನೆ ಭಾಷೆಯ ಮಾತೆತ್ತಿದಾಗ ಮನೆಯಲ್ಲಿ ಮೊದಲು ಅಡ್ಡ ಬಂದವರು ಅಜ್ಜಿ. “ಟೀಚರೇ, ಕೈಸನ್ನೆ ಕಲಿಸಿದರೆ ಮತ್ತೆ ಬಾಯಿಯಲ್ಲಿ ಮಾತು ಬರಲಿಕ್ಕುಂಟಾ? ತುಟಿ ನೋಡಿ ಕಲಿಯುತ್ತಾಳೆ ಅಂತ ಮಂಗಳೂರಿನಲ್ಲಿ ಹೇಳಿದ್ದಾರೆ” ಎಂದರು. ಅಜ್ಜಿಯೊಡನೆ ವಾದ ಮಾಡುವ ಬದಲು ಅವರನ್ನು ಕನ್ನಡಿಯ ಎದುರು ಕೂರಿಸಿ, “ಅಜ್ಜೀ, ಸ್ವರ ಹೊರಡಿಸದೆ ಅಪ್ಪ ಅಂತ ಹೇಳಿ, ಆಮೇಲೆ ಅಮ್ಮ ಅಂತ ಹೇಳಿ” ಎಂದೆ. ತುಟಿ ಎರಡು ಬಾರಿಯೂ ಒಂದೇ ರೀತಿ ಮುಚ್ಚಿ ತೆರೆಯಿತು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ತ, ದ, ನಗಳಲ್ಲಿ ನಾಲಗೆಯ ತುದಿ ಒಂದೇ ಕಡೆ ತಾಗುತ್ತದೆ. ಕ ಮತ್ತು ಗ ಗಂಟಲ ಬಳಿ ಹುಟ್ಟುವುದರಿಂದ ಕಾಣಿಸುವುದೇ ಇಲ್ಲ. ಭಾಷೆ ಮೊದಲೇ ಗೊತ್ತಿರುವವರಿಗೆ ತುಟಿಯ ಚಲನೆ ಸಹಾಯಕ. ಭಾಷೆಯನ್ನೇ ಅದರಿಂದ ಕಟ್ಟಿಕೊಳ್ಳಬೇಕಾದ ಮಗುವಿಗೆ ಅದು ಅರ್ಧ ಅಕ್ಷರಗಳು ಅಳಿಸಿಹೋದ ಪತ್ರವಿದ್ದಂತೆ. ಅಜ್ಜಿ ಕನ್ನಡಿಯ ಎದುರೇ ಇನ್ನೂ ಕೆಲವು ಹೆಸರುಗಳನ್ನು ಹೇಳಿ ನೋಡಿಕೊಂಡು, “ಹಾಗಾದರೆ ಕಲಿಸಿ” ಎಂದರು. ಸನ್ನೆ ಕಲಿತ ಮಗು ಮಾತು ಕಲಿಯುವುದಿಲ್ಲ ಎಂಬ ನಂಬಿಕೆಗೆ 1880ರ ಮಿಲಾನ್ ಸಮ್ಮೇಳನದಷ್ಟು ಹಳೆಯ ಬೇರಿದೆ. ಕಿವುಡ ಮಕ್ಕಳ ಶಾಲೆಗಳಿಂದ ಸನ್ನೆಯನ್ನು ಹೊರಗಿಡಬೇಕೆಂದು ಅಲ್ಲಿ ಕೇಳುವ ಕಿವಿಯುಳ್ಳ ಶಿಕ್ಷಕರೇ ನಿರ್ಣಯ ಮಾಡಿದರು. ಆ ನಿರ್ಣಯಕ್ಕೆ ಅದೇ ಸರಣಿಯ ಸಮ್ಮೇಳನ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ.

ಭಾರತೀಯ ಸನ್ನೆ ಭಾಷೆಯನ್ನು ನಾನೂ ಕೆಲಸಕ್ಕೆ ಸೇರಿದ ಮೇಲೆಯೇ ಹೆಚ್ಚು ಕಲಿತದ್ದು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2018ರಲ್ಲಿ 3,000 ಪದಗಳೊಂದಿಗೆ ಬಂತು, 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. ಅದರ ವಿಡಿಯೊಗಳು ಮೊಬೈಲಿನಲ್ಲಿ ಸಿಗುವುದು ಮನೆಯವರಿಗೆ ದೊಡ್ಡ ಅನುಕೂಲ. ಆದರೂ ನಿಘಂಟಿನಿಂದ ಭಾಷೆ ಕಲಿತವರುಂಟೆ? ಹತ್ತಿರದ ಪೇಟೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಕಿವುಡ ಯುವಕನೊಬ್ಬನನ್ನು ರಜಾದಿನಗಳಲ್ಲಿ ಆ ಮನೆಗೆ ಕರೆತಂದದ್ದು ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಫಲ ಕೊಟ್ಟದ್ದೆಂದು ಈಗಲೂ ನಂಬಿದ್ದೇನೆ. ಆತ ಓದಿದ್ದು ಮಲಯಾಳದಲ್ಲಿ, ಕನ್ನಡ ಅಕ್ಷರ ಬಾರದು. ಅಜ್ಜಿಗೆ ಮಲಯಾಳ ಅಷ್ಟಕ್ಕಷ್ಟೆ. ಇಬ್ಬರ ನಡುವೆ ಹರಟೆಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಹುಡುಗಿಯ ಕೆನ್ನೆಯ ಗುಳಿಯನ್ನು ನೋಡಿ ಆತನೇ ಅವಳಿಗೊಂದು ಸನ್ನೆಯ ಹೆಸರಿಟ್ಟ. ದೊಡ್ಡವರಾದ ಕಿವುಡರನ್ನು ಅದುವರೆಗೆ ಆಕೆ ನೋಡಿಯೇ ಇರಲಿಲ್ಲ.

ಇನ್ನು ಕನ್ನಡದ ವಿಷಯ. ಸನ್ನೆಯಲ್ಲಿ ಹುಡುಗಿ ಬೇಗನೆ ಮಾತುಗಾರ್ತಿಯಾದಳು. ಅಕ್ಷರಗಳನ್ನೂ ಮುತ್ತಿನಂತೆ ಬರೆಯುತ್ತಿದ್ದಳು. ಆದರೆ ವಾಕ್ಯ ಬರೆಯಲು ಹೇಳಿದರೆ ‘ನಾನು ಅವಳು ಪುಸ್ತಕ ಕೊಡು’ ಎಂದು ಬರೆಯುತ್ತಿದ್ದಳು. ವಿಭಕ್ತಿ ಪ್ರತ್ಯಯ ಇಲ್ಲ, ಕಾಲ ಇಲ್ಲ, ಕ್ರಿಯಾಪದದ ಕೊನೆ ಇಲ್ಲ. ಕನ್ನಡದ ಮಕ್ಕಳು ಇವನ್ನು ಯಾರೂ ಕಲಿಸದೆ ಕೇಳಿಯೇ ಪಡೆಯುತ್ತಾರೆ. ಪದದ ತುದಿಯಲ್ಲಿ ಮೆಲ್ಲಗೆ ಉಚ್ಚರಿಸಲ್ಪಡುವ ಈ ತುಣುಕುಗಳು ಶ್ರವಣ ಸಾಧನಕ್ಕೂ ತುಟಿಯ ಓದಿಗೂ ಸಿಕ್ಕುವುದಿಲ್ಲ. ಇದನ್ನು ಕಣ್ಣಿನಿಂದಲೇ ಕಲಿಸಬೇಕಾಗಿತ್ತು, ಮತ್ತು ಅದಕ್ಕೆ ಬೇಕಾದ ಸಾಮಗ್ರಿ ಸನ್ನೆ ಭಾಷೆಯ ವ್ಯಾಕರಣದಲ್ಲೇ ಇತ್ತು.

ಭಾರತೀಯ ಸನ್ನೆ ಭಾಷೆಯಲ್ಲಿ ‘ಕೊಡು’ ಎಂಬ ಕ್ರಿಯೆಯ ಕೈ ಕೊಡುವವನಿಂದ ಹೊರಟು ಪಡೆಯುವವನ ಕಡೆಗೆ ಚಲಿಸುತ್ತದೆ. ನನ್ನಿಂದ ನಿನ್ನ ಕಡೆಗೆ ಚಲಿಸಿದರೆ ‘ನಾನು ನಿನಗೆ’, ತಿರುಗಿ ಬಂದರೆ ‘ನೀನು ನನಗೆ’. ಅಂದರೆ ನಾವು ‘ಗೆ’ ಎಂಬ ಪ್ರತ್ಯಯದಿಂದ ಹೇಳುವುದನ್ನು ಆಕೆ ಕೈಯ ದಿಕ್ಕಿನಿಂದ ಆಗಲೇ ಹೇಳುತ್ತಿದ್ದಳು. ನಾನು ‘ಗೆ’, ‘ಇಗೆ’, ‘ಕ್ಕೆ’ಗಳನ್ನು ಕೆಂಪು ರಟ್ಟಿನ ಬಾಣದ ಆಕಾರದಲ್ಲಿ ಕತ್ತರಿಸಿ ಬರೆದೆ, ‘ಅಲ್ಲಿ’ಯನ್ನು ಹಸಿರು ಚೌಕದಲ್ಲಿ, ‘ಇಂದ’ವನ್ನು ಹಿಂದಕ್ಕೆ ತಿರುಗಿದ ನೀಲಿ ಬಾಣದಲ್ಲಿ. ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯ ಪಕ್ಕದಲ್ಲೇ ಪಾಠ ನಡೆಯುತ್ತಿತ್ತು. ಅಡಿಕೆಯನ್ನು ಬುಟ್ಟಿಗೆ ಹಾಕುವುದು, ಅಡಿಕೆ ಬುಟ್ಟಿಯಲ್ಲಿ ಇರುವುದು, ಬುಟ್ಟಿಯಿಂದ ತೆಗೆಯುವುದು: ಮೊದಲು ಕೆಲಸ ಮಾಡಿ, ಬಳಿಕ ಸನ್ನೆಯಲ್ಲಿ ಹೇಳಿ, ಆ ಬಳಿಕ ‘ಬುಟ್ಟಿ’ ಎಂಬ ಚೀಟಿಯ ಬಾಲಕ್ಕೆ ಸರಿಯಾದ ರಟ್ಟನ್ನು ಜೋಡಿಸಿ, ಕೊನೆಗೆ ಪೂರ್ತಿ ಪದವನ್ನು ಸ್ಲೇಟಿನಲ್ಲಿ ಬರೆಯಬೇಕು. ‘ಮರ’ಕ್ಕೆ ‘ಕ್ಕೆ’ ಬಂದು ‘ಬುಟ್ಟಿ’ಗೆ ‘ಗೆ’ ಏಕೆ ಎಂದು ಆಕೆ ಕೇಳಿದಾಗ ಪದಗಳನ್ನು ಎರಡು ರಾಶಿ ಮಾಡಿಸಿದೆ, ಸೂತ್ರ ಹೇಳಲಿಲ್ಲ. ಬಾಣದ ಬಣ್ಣವನ್ನು ಮುಂದೆ ಸೀಮೆಸುಣ್ಣಕ್ಕೂ, ಆ ಬಳಿಕ ಪುಸ್ತಕದಲ್ಲಿ ಪೆನ್ಸಿಲ್ ಗೆರೆಗೂ ಇಳಿಸಿ, ಕೊನೆಯಲ್ಲಿ ಬಣ್ಣವನ್ನೇ ತೆಗೆದೆವು.

ಪದಗಳ ಅನುಕ್ರಮದಲ್ಲಿ ನಮಗೊಂದು ಅದೃಷ್ಟವಿದೆ. ಸನ್ನೆ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಪ್ರಶ್ನೆಯ ಪದವಂತೂ ವಾಕ್ಯದ ತುದಿಯಲ್ಲೇ ನಿಲ್ಲುತ್ತದೆ. ‘ನಿನ್ನ ಊರು ಯಾವುದು’ ಎಂಬ ಕನ್ನಡ ವಾಕ್ಯವನ್ನು ಸನ್ನೆಯಿಂದ ಬರವಣಿಗೆಗೆ ತರುವಾಗ ಪದಗಳ ಜಾಗ ಬದಲಿಸಬೇಕಿಲ್ಲ. ಇಂಗ್ಲಿಷ್ ಮಾಧ್ಯಮದ ಮೋಹದಲ್ಲಿ ಕಿವುಡ ಮಗುವನ್ನು ಅಲ್ಲಿಗೆ ಸಾಗಿಸುವ ಹೆತ್ತವರಿಗೆ ನಾನು ಇದನ್ನು ಬಿಡಿಸಿ ಹೇಳುವುದುಂಟು, ಕೇಳುವವರು ಕಡಿಮೆ. ಪದದ ಒಂದೊಂದು ಅಕ್ಷರವನ್ನೂ ಬೆರಳಿನಿಂದ ತೋರಿಸುವ ಬೆರಳಕ್ಷರದ ವಿಷಯ ಬೇರೆ. ಎರಡು ಕೈಗಳಿಂದ ಮಾಡುವ ಬೆರಳಕ್ಷರ ಇಂಗ್ಲಿಷ್ ವರ್ಣಮಾಲೆಯದ್ದು. ಮಲಯಾಳ ಲಿಪಿಗೆ ತಿರುವನಂತಪುರದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ‘ನಿಶ್’ 2021ರಲ್ಲಿ ಬೆರಳಕ್ಷರಗಳನ್ನು ರೂಪಿಸಿ ಹೊರತಂದಿದೆ. ನಾವು ಕನ್ನಡ ಹೆಸರುಗಳನ್ನು ಗಾಳಿಯಲ್ಲಿ, ಅಂಗೈಯಲ್ಲಿ ಬರೆದು ತೋರಿಸಿಯೇ ಕೆಲಸ ಸಾಗಿಸಿದೆವು.

ತರಗತಿಯ ಟೀಚರ್‌ಗೆ ನಾನು ಕೇಳಿಕೊಂಡದ್ದು ಹೆಚ್ಚೇನಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕತ್ತಲಾಗುತ್ತದೆ, ಆದ್ದರಿಂದ ಬೆಳಕಿಗೆ ಮುಖ ಮಾಡಬೇಕು. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತನಾಡಬಾರದು. ಹುಡುಗಿ ಬರೆಯುತ್ತಿರುವಾಗ ವಿವರಣೆ ಕೊಡಬಾರದು, ಏಕೆಂದರೆ ಅವಳ ಕಣ್ಣು ಎರಡು ಕಡೆ ಇರಲಾರದು. ಶೀಟಿನ ಮಾಡಿಗೆ ಮಳೆ ಬೀಳುವಾಗ ಶ್ರವಣ ಸಾಧನ ಮಳೆಯನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ಆ ಹೊತ್ತಿಗೆ ಓದುವ ಅಥವಾ ಚಿತ್ರ ಬಿಡಿಸುವ ಕೆಲಸ ಕೊಡಬೇಕು. ಉಕ್ತಲೇಖನದಲ್ಲಿ ಆಕೆಗೆ ವಾರವಾರವೂ ಸೊನ್ನೆ ಬರುತ್ತಿತ್ತು. ಕೇಳಿ ಬರೆಯುವ ಬದಲು ನೋಡಿ ಬರೆಯುವ ಪರೀಕ್ಷೆಯಾಗಿ ಅದನ್ನು ಮಾರ್ಪಡಿಸಿದೆವು: ಟೀಚರ್ ಒಂದು ಕ್ರಿಯೆಯನ್ನು ಅಭಿನಯಿಸುತ್ತಾರೆ, ಇಡೀ ತರಗತಿ ಅದನ್ನು ವಾಕ್ಯವಾಗಿ ಬರೆಯುತ್ತದೆ. ಕೇಳುವ ಮಕ್ಕಳಲ್ಲಿ ಹಲವರು ಮೊದಮೊದಲು ತುಳುವಿನ ವಾಕ್ಯಕ್ಕೆ ಕನ್ನಡದ ಅಕ್ಷರ ತೊಡಿಸಿ ಬರೆದರು. ಅವರಿಗೂ ಈ ಅಭ್ಯಾಸ ಬೇಕಾಗಿತ್ತೆಂದು ಟೀಚರ್ ನಗುತ್ತಾ ಒಪ್ಪಿಕೊಂಡರು.

ಹಕ್ಕಿನ ಮಟ್ಟದಲ್ಲಿ ಈ ಯಾವುದೂ ಔದಾರ್ಯವಲ್ಲ. ಕಿವುಡ ಮಕ್ಕಳಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ಸಂವಹನ ವಿಧಾನಗಳಲ್ಲಿ ಶಿಕ್ಷಣ ಸಿಗಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೆಯ ಕಲಂ ಹೇಳುತ್ತದೆ. ಆದರೆ ಕಾಯ್ದೆಯಿಂದ ಕಚೇರಿಯ ಕಿಟಕಿಗೆ ಬರುವಾಗ ಅದು ಮಲಯಾಳದ ಅರ್ಜಿಯಾಗಿ ಬದಲಾಗಿರುತ್ತದೆ. ಒಂದು ಕಚೇರಿಯಲ್ಲಿ ಈ ಹುಡುಗಿಯ ತಾಯಿ ಕನ್ನಡದಲ್ಲಿ ತುಂಬಿಸಿ ಕೊಟ್ಟ ಅರ್ಜಿ ಮುಟ್ಟದೆ ಹಿಂದಕ್ಕೆ ಬಂತು. ಅಂದಿನಿಂದ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಮೊದಲಾದವುಗಳ ತುಂಬಿದ ಮಾದರಿಗಳನ್ನು ಎರಡೂ ಭಾಷೆಗಳಲ್ಲಿ ಬರೆದು ಶಾಲೆಯಲ್ಲಿಯೇ ಇಟ್ಟಿದ್ದೇನೆ. ವಿದ್ಯಾರ್ಥಿವೇತನಕ್ಕಾದರೆ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಪ್ರಮಾಣ ನಮೂದಾಗಿರಬೇಕು, ಹೆಸರಿನ ಇಂಗ್ಲಿಷ್ ಅಕ್ಷರಗಳು ಆಧಾರ್ ಕಾರ್ಡಿನಲ್ಲಿರುವಂತೆಯೇ ಇರಬೇಕು ಎಂಬ ಎರಡು ಮಾತನ್ನು ಆ ಮಾದರಿಗಳ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ನಾಲ್ಕನೆಯ ತರಗತಿ ಮುಗಿದಾಗ ಮುಂದೆ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಚೆರ್ಕಳದಲ್ಲಿ ಕಿವುಡ ಮಕ್ಕಳಿಗಾಗಿಯೇ ಇರುವ ಶಾಲೆಯಲ್ಲಿ ಸನ್ನೆಯ ಗೆಳೆಯರು ಸಿಗುತ್ತಾರೆ, ಬರವಣಿಗೆ ಮಾತ್ರ ಮಲಯಾಳಕ್ಕೆ ಹೊರಳುತ್ತದೆ. ಊರಿನ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಉಳಿಯುತ್ತದೆ, ಸನ್ನೆ ಬಲ್ಲವರು ಇಲ್ಲ. ಗೆಳೆಯರಿಲ್ಲದ ಶಾಲೆಗಿಂತ ಹೊಸ ಲಿಪಿ ಕಲಿಯುವುದು ಸುಲಭವೆಂದು ನಾನು ಹೇಳಿದೆ. ಬೇರೆ ಮಕ್ಕಳ ವಿಷಯದಲ್ಲೂ ಹಾಗೆಯೇ ಹೇಳುತ್ತೇನೆ. ಮನೆಯವರು ಊರಿನ ಶಾಲೆಯನ್ನೇ ಆರಿಸಿದರು, ಅದು ಅವರ ಹಕ್ಕು. ಹಾಗಾಗಿ ಅಲ್ಲಿನ ಐದನೆಯ ತರಗತಿಯ ಮಕ್ಕಳಿಗೆ ವಾರಕ್ಕೊಂದು ಪಿರಿಯಡ್ ಸನ್ನೆ ಭಾಷೆ ಕಲಿಸಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದಿದ್ದೇನೆ. ಹೊಲಿಗೆ ಅಂಗಡಿಯ ಯುವಕನೂ ಆ ದಿನ ಮಧ್ಯಾಹ್ನ ಅಂಗಡಿ ಬಿಟ್ಟು ಬರುತ್ತಾನೆ. ಅವನ ಬಸ್ಸಿನ ಖರ್ಚನ್ನು ಶಾಲೆಯ ರಕ್ಷಕ-ಶಿಕ್ಷಕ ಸಂಘ (ಪಿ.ಟಿ.ಎ.) ಕೊಡುತ್ತದೆ, ಆ ಪಾಳಿಯ ಕೂಲಿಯನ್ನೂ ಕೊಡಬೇಕೆಂದು ಮುಂದಿನ ಸಭೆಗೆ ನಾನು ಬರೆದು ಕೊಟ್ಟಿದ್ದೇನೆ.