ಲಿಕ್ವಿಡ್ ನೈಟ್ರೋಜನ್ ಇಲ್ಲದೆ ಹಲಸಿನ ಡಿಎನ್‌ಎ

ಎಲೆಯನ್ನು ಹೆಪ್ಪುಗಟ್ಟಿಸಿ ಪುಡಿ ಮಾಡೋಕೆ ಬಳಸುವ ಲಿಕ್ವಿಡ್ ನೈಟ್ರೋಜನ್ ಇಲ್ಲದೆ ಹಲಸಿನ ಎಲೆಯಿಂದ ಡಿಎನ್‌ಎ ತೆಗೀತೀನಿ ಅಂದಾಗ ನಮ್ಮ ವಿಭಾಗದಲ್ಲಿ ಯಾರೂ ನಂಬಲಿಲ್ಲ. "ಮೇಣದ ಮರ ಕಣಪ್ಪ, ಸುಮ್ನೆ ಕೆಮಿಕಲ್ ದಂಡ" ಅಂದರು ಹಿರಿಯ ಮೇಡಂ. ಈಗ ತುಮಕೂರು ಜಿಲ್ಲೆಯ ಚೇಳೂರು, ತೋವಿನಕೆರೆ ಕಡೆಯ ಅರವತ್ತರ ಆಸುಪಾಸು ಮರಗಳ ಡಿಎನ್‌ಎ ನಮ್ಮ ಫ್ರೀಜರ್‌ನಲ್ಲಿದೆ. ಮರ ಮರದ ಡಿಎನ್‌ಎ ವ್ಯತ್ಯಾಸ ತೋರಿಸುವ ಐಎಸ್‌ಎಸ್‌ಆರ್ ಪರೀಕ್ಷೆಯ ಬ್ಯಾಂಡುಗಳು ಗೀಟು ಎಳೆದ ಹಾಗೆ ಬರುತ್ತಿವೆ. ಮೇಡಂ ತಮ್ಮ ವಿದ್ಯಾರ್ಥಿಯನ್ನು ನನ್ನ ಹತ್ತಿರವೇ ಕಲಿಯೋಕೆ ಕಳಿಸಿದ್ದಾರೆ.

ತುಮಕೂರಿನಲ್ಲಿ ಕೂತವರಿಗೆ ನೈಟ್ರೋಜನ್ ಬೇಕಂದರೆ ಬೆಂಗಳೂರೇ ಗತಿ. 70 ಕಿಲೋಮೀಟರ್. ಗಾಡಿ ಬಾಡಿಗೆಯೇ ಅದರ ಬೆಲೆಗಿಂತ ಜಾಸ್ತಿ. ಡಿಎನ್‌ಎ ತೆಗೆಯುವ ರೆಡಿಮೇಡ್ ಕಿಟ್ ತರಿಸಿದೆವು, 50 ಸ್ಯಾಂಪಲ್‌ಗೆ ಹೆಚ್ಚುಕಡಿಮೆ 20 ಸಾವಿರ. ಹಲಸಿನ ಲೋಳೆಗೆ ಅದರ ಸೋಸುವ ಕಾಲಮ್ಮೇ ಕಟ್ಟಿಕೊಂಡಿತು. ಅರ್ಧ ಕಿಟ್ ಹಾಗೇ ಹೋಯಿತು. ಅದು ನನ್ನ ಫೆಲೋಶಿಪ್ ದುಡ್ಡು, ಹೊಟ್ಟೆ ಉರಿಯಿತು.

ಕೋಶ ಒಡೆದು ಡಿಎನ್‌ಎ ಬಿಡಿಸುವ ಮಾಮೂಲಿ ಸಿಟಿಎಬಿ ವಿಧಾನ ಮಾಡಿದರೆ ತಳದಲ್ಲಿ ಕೂರುವ ಡಿಎನ್‌ಎ ಪೆಲೆಟ್ ಕಾಫಿ ಬಣ್ಣ. ಮುಟ್ಟಿದರೆ ಅಂಟು. ಡಿಎನ್‌ಎ ಓಡಿಸಿ ನೋಡುವ ಜೆಲ್‌ಗೆ ಹಾಕಿದರೆ ತುಂಬುವ ಗುಂಡಿಯಲ್ಲೇ (ವೆಲ್) ಸಿಕ್ಕಿಕೊಳ್ಳುತ್ತಿತ್ತು, ಡಿಎನ್‌ಎ ನಕಲು ಮಾಡುವ ಪಿಸಿಆರ್ ಅಂತೂ ಖಾಲಿ. ಕಂದು ಬಣ್ಣ ತಡೆಯುವ ಪಿವಿಪಿ ಏರಿಸಿದೆ, ಮರ್ಕ್ಯಾಪ್ಟೋಇಥನಾಲ್ ಏರಿಸಿದೆ. ಬಣ್ಣ ಸ್ವಲ್ಪ ತಿಳಿಯಾಯಿತೇ ಹೊರತು ಲೋಳೆ ಹೋಗಲಿಲ್ಲ. ತೊಗಟೆಯ ಒಳಪದರ ಕೆರೆದೂ ನೋಡಿದೆ. ಅಲ್ಲಿ ಮೇಣ ಇನ್ನೂ ಜಾಸ್ತಿ.

ಕೆಲಸ ಕೆಡುತ್ತಿದ್ದದ್ದು ಲ್ಯಾಬಿನಲ್ಲಲ್ಲ, ತೋಟದಲ್ಲಿ. ಬಲಿತ ಎಲೆ ಕಿತ್ತು ಕವರಿಗೆ ತುಂಬಿ ಬಸ್ಸಿನಲ್ಲಿ ತರುವಷ್ಟರಲ್ಲಿ ಅದು ಕಂದಿರುತ್ತಿತ್ತು. ಈಗ ಕೊಂಬೆ ತುದಿಯ ಮೊಗ್ಗು ಮಾತ್ರ ತೆಗೆಯುತ್ತೇನೆ. ಮೇಲಿನ ಹೊದಿಕೆ ಬಿಡಿಸಿದರೆ ಒಳಗೆ ತಿಳಿ ಹಸಿರಿನ, ಬೆರಳುಗುರಿನಷ್ಟು ಎಲೆ ಮಡಚಿಕೊಂಡಿರುತ್ತದೆ. ಅದೇ ಬೇಕಾದದ್ದು. ಕಿತ್ತ ತಕ್ಷಣ ಬುಡದಲ್ಲಿ ಬಿಳಿ ಹಾಲು ಗುಂಡಗೆ ಉಬ್ಬುತ್ತದೆ. ಬ್ಲಾಟಿಂಗ್ ಪೇಪರ್ ಮೇಲೆ ಬುಡ ಕೆಳಗಾಗಿ ಹಿಡಿದು, ಹಾಲು ನಿಂತ ಮೇಲೆ 70% ಆಲ್ಕೋಹಾಲ್‌ನಲ್ಲಿ ಒರೆಸಿ, ಅಲ್ಲೇ ಸಿಲಿಕಾ ಜೆಲ್ ಕವರಿಗೆ. ಎಲೆಯ ತೂಕದ ಹತ್ತರಷ್ಟಾದರೂ ಸಿಲಿಕಾ ಇರಲಿ. ನೀಲಿ ಹರಳು ಗುಲಾಬಿಯಾದರೆ ಬದಲಾಯಿಸಿ, ಓವನ್‌ನಲ್ಲಿ ಒಣಗಿಸಿದರೆ ಮತ್ತೆ ಬರುತ್ತದೆ, ಖರ್ಚಿಲ್ಲ. ಗರಿಗರಿ ಒಣಗಿದ ಎಲೆ ಖಲಬತ್ತಿನಲ್ಲಿ ಹಿಟ್ಟಾಗುತ್ತದೆ. ನೈಟ್ರೋಜನ್ ಯಾಕೆ ಬೇಕು?

ಸಿಟಿಎಬಿಗೆ ಮುಂಚೆ ಸಾರ್ಬಿಟಾಲ್ ಬಫರ್‌ನಲ್ಲಿ ಪುಡಿ ತೊಳೆಯಲೇಬೇಕು. ಮೇಲಿನ ನೀರಿನಲ್ಲಿ ಲೋಳೆ ಇಲ್ಲವಾಗುವ ತನಕ ತೊಳೆಯಿರಿ. ಸಿಟಿಎಬಿ ದ್ರಾವಣದ ಉಪ್ಪನ್ನು ಮಾಮೂಲಿ 1.4 ಮೋಲಾರ್‌ನಿಂದ 2ರ ಮೇಲಕ್ಕೆ ಒಯ್ದೆ. ಡಿಎನ್‌ಎ ಬೇರ್ಪಡಿಸುವ ಐಸೋಪ್ರೊಪನಾಲ್ ಹಾಕುವ ಮುಂಚೆ ಇನ್ನೊಂದು ವಸ್ತು ಸೇರಿಸುತ್ತೇನೆ. ಪೇಪರ್ ಅಚ್ಚಾಗುವ ತನಕ ಅದು ನನ್ನಲ್ಲೇ ಇರಲಿ. ಡಿಎನ್‌ಎ ಎಷ್ಟು ಶುದ್ಧ ಅಂತ ಹೇಳುವ 260/280 ಅನುಪಾತ ಈಗ 1.8ರ ಹತ್ತಿರ ನಿಲ್ಲುತ್ತದೆ. ಸ್ಯಾಂಪಲ್‌ಗೆ 40, 50 ರೂಪಾಯಿ ದಾಟಲ್ಲ.

ಹಲಸಿನ ಕುಟುಂಬದ್ದೇ ಅಲ್ವಾ ಅಂತ ಚಿಕ್ಕಬಳ್ಳಾಪುರದ ಗೆಳೆಯರ ತೋಟದ ಹಿಪ್ಪುನೇರಳೆಯಲ್ಲೂ ಮಾಡಿದೆ. ಮೊದಲ ಸಲಕ್ಕೇ ಬಂತು. ಆಲದ ಎಲೆ ಮಾತ್ರ ಇನ್ನೂ ಸತಾಯಿಸುತ್ತಿದೆ.

ಇಷ್ಟಕ್ಕೆಲ್ಲ ಕಾರಣ ಸಿದ್ದು ಹಲಸು. ತಾಮ್ರಗೆಂಪು ತೊಳೆಯ ಆ ತಳಿ ನಮ್ಮ ಜಿಲ್ಲೆಯದೇ. ಬೀಜದ ಗಿಡ ತಾಯಿಯ ಹಾಗೆ ಬರಲ್ಲ, ಕಸಿಯೇ ಆಗಬೇಕು. ಕೊಂಡ ಕಸಿ ನಿಜವಾಗಿ ಸಿದ್ದುವಾ ಅಂತ ತಿಳಿಯೋಕೆ ಹಣ್ಣು ಬಿಡುವ ತನಕ ವರ್ಷಗಟ್ಟಲೆ ಕಾಯಬೇಕು. ಚೇಳೂರಿನ ರೈತರೊಬ್ಬರು ತಮ್ಮ ಗಿಡಗಳ ಎಲೆ ಕೊಟ್ಟು, "ನೋಡಿ ಹೇಳಿ ಸಾರ್" ಅಂದಿದ್ದಾರೆ. ಅವರ ಎಲೆ ಸಿಲಿಕಾದಲ್ಲಿದೆ, ಮುಂದಿನ ವಾರ ರನ್ ಮಾಡುತ್ತೇನೆ.